ಖಾಲಿ ರಾಡು

"ಆ ಚಾರ್ಟು ನಿಮಗಲ್ಲ, ದಮಯಂತಿಯಕ್ಕ," ಎಂದ ಶರತ್ಚಂದ್ರ, ಫೋನಿನಿಂದ ಕಣ್ಣೆತ್ತದೆ. "ನೀವು ಟ್ರೆಡ್‌ಮಿಲ್ಲಿಗೆ ಹೋಗಿ. ಇಪ್ಪತ್ತು ನಿಮಿಷ ನಡೀರಿ, ಸಾಕು."

ದಮಯಂತಿ ಕದಲಲಿಲ್ಲ. ಕನ್ನಡಿಯ ಎದುರಿನ ಗೋಡೆಗೆ ಅಂಟಿಸಿದ್ದ ಆ ಹಾಳೆಯನ್ನು ಅವಳು ದಿನಾ ಓದುತ್ತ ಬಂದಿದ್ದಳು. ರಾಜ್ಯಮಟ್ಟದ ಭಾರ ಎತ್ತುವ ಸ್ಪರ್ಧೆಗೆ ತಯಾರಾಗುತ್ತಿದ್ದ ಮೋಕ್ಷಿತಾ ಎಂಬ ಹುಡುಗಿಗಾಗಿ ಬರೆದದ್ದು ಅದು. ಹೆಗಲ ಮೇಲೆ ರಾಡು ಹೊತ್ತು ಕುಕ್ಕರಗಾಲಲ್ಲಿ ಕೂತು ಏಳಬೇಕು. ಒಂದು ಸೆಟ್ಟಿಗೆ ಹತ್ತು ಸಲ, ಅಂಥ ಹತ್ತು ಸೆಟ್ಟು. ಅದು ಮುಗಿದ ಮೇಲೆ ರಾಡನ್ನು ನೆಲದಿಂದ ಎತ್ತಿ ಇಳಿಸುವುದು, ಅದೂ ಅಷ್ಟೇ ಸಲ.

"ನನಗಲ್ಲ ಅಂದ್ರೆ ಎಂತ? ನನಗೆ ಕಾಲಿಲ್ಲವಾ?"

"ಕಾಲುಂಟು ಅಕ್ಕ. ಅದು ವರ್ಷಗಟ್ಟಲೆ ಎತ್ತಿ ಅಭ್ಯಾಸ ಇದ್ದವರಿಗೆ. ನೀವು ಬಿಗಿನರ್."

"ನಾಲ್ಕು ವರ್ಷ ಅತ್ತೆಯನ್ನು ಎತ್ತಿದ್ದೇನೆ ಮಾರಾಯ ನಾನು. ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ಬಚ್ಚಲಿಗೆ. ಆಗ ಯಾರೂ ನನ್ನನ್ನು ಬಿಗಿನರ್ ಅನ್ಲಿಲ್ಲ."

ಟ್ರೆಡ್‌ಮಿಲ್ಲಿನ ಮೇಲಿದ್ದ ಹೆಂಗಸರು ನಕ್ಕರು. ಶರತ್ಚಂದ್ರನೂ ನಕ್ಕ. ಅವರ ನಗುವಿಗೆ ದಮಯಂತಿಯದೇನೂ ಅಡ್ಡಿಯಿರಲಿಲ್ಲ, ಇವನ ನಗು ಮಾತ್ರ ತಾಗಿತು. ಇವನಿಗೆ ಒಂದನೇ ಕ್ಲಾಸಿನಿಂದ ಹತ್ತನೆಯವರೆಗೆ ಶಾಲೆಯ ಅಂಗಿ ಚಡ್ಡಿ ಹೊಲಿದುಕೊಟ್ಟವಳು ಅವಳು.

ಮುಳ್ಳೇರಿಯ ಪೇಟೆಯ ಆ ಕಟ್ಟಡದಲ್ಲಿ ಕೆಳಗಡೆ ಅವಳ ಹೊಲಿಗೆಯಂಗಡಿ. ಮೇಲೆ ಹಿಂದೆ ಟ್ಯೂಷನ್ ಕ್ಲಾಸು ನಡೆಯುತ್ತಿತ್ತು. ಗಲ್ಫಿನಿಂದ ಮರಳಿದ ಶರತ್ಚಂದ್ರ ಅದನ್ನು ಬಾಡಿಗೆಗೆ ಹಿಡಿದು ಜಿಮ್ ತೆರೆದಿದ್ದ. ಮೊದಮೊದಲು ತಲೆಯ ಮೇಲೆ ಧಡ್ ಧಡ್ ಸದ್ದಾದಾಗೆಲ್ಲ ಅವಳ ಕತ್ತರಿ ಗೆರೆ ತಪ್ಪುತ್ತಿತ್ತು. ಜಗಳಕ್ಕೆಂದೇ ಒಂದು ದಿನ ಮೆಟ್ಟಿಲು ಹತ್ತಿದ್ದಳು. ಹತ್ತಿದವಳು ಬಾಗಿಲಲ್ಲೇ ನಿಂತುಬಿಟ್ಟಿದ್ದಳು. ತನ್ನ ಮಗಳ ವಯಸ್ಸಿನ ಹುಡುಗಿಯೊಬ್ಬಳು ಎರಡು ಅಕ್ಕಿಮೂಟೆಗಿಂತ ಹೆಚ್ಚು ತೂಗುವ ಕಬ್ಬಿಣವನ್ನು ನೆಲದಿಂದ ಎತ್ತಿ ನೆಟ್ಟಗೆ ನಿಂತಿದ್ದಳು. ಮುಖದಲ್ಲಿ ಸಿಟ್ಟಿಲ್ಲ, ನೋವಿಲ್ಲ, ಏನನ್ನೋ ನೆನಪಿಸಿಕೊಳ್ಳುವವಳ ಹಾಗೆ ಸುಮ್ಮನಿದ್ದಳು. ಜಗಳದ ಮಾತು ದಮಯಂತಿಗೆ ಮರೆತೇ ಹೋಯಿತು.

ಅದಾದ ಕೆಲವೇ ದಿನಕ್ಕೆ ಪಂಚಾಯತ್ ಹಾಲಿನಲ್ಲಿ ಎಲುಬಿನ ಬಲ ನೋಡುವ ಕ್ಯಾಂಪು ನಡೆಯಿತು. ಹಿಮ್ಮಡಿಯನ್ನು ಒಂದು ಯಂತ್ರದೊಳಗೆ ಇಡಿಸಿ ನೋಡಿದ ನರ್ಸು, "ನಿಮ್ಮ ಎಲುಬು ತೆಳುವಾಗ್ತಾ ಉಂಟು, ಜಾಗ್ರತೆ. ಬೀಳ್ಬೇಡಿ," ಎಂದಳು. ಬೀಳುವುದೆಂದರೇನು ಎಂದು ಯಾರೂ ದಮಯಂತಿಗೆ ಹೇಳಿಕೊಡಬೇಕಾಗಿರಲಿಲ್ಲ. ಅತ್ತೆ ಶಂಕರಿ ಬಚ್ಚಲಲ್ಲಿ ಜಾರಿ ಸೊಂಟದ ಎಲುಬು ಮುರಿದುಕೊಂಡವರು ಮತ್ತೆ ಎದ್ದಿರಲಿಲ್ಲ. ಗಂಡ ಮಹಾಬಲನಿಗೆ ತಾಯಿಯ ಮೈ ಮುಟ್ಟಲು ಏನೋ ಸಂಕೋಚ. ಅವನು ಕೋಣೆಯ ಹೊರಗೆ ನಿಂತು, "ಆಯ್ತಾ?" ಎಂದು ಕೇಳುತ್ತಿದ್ದ. ಆಗುವವರೆಗೆ ದಮಯಂತಿಯೇ ಎತ್ತುತ್ತಿದ್ದಳು. ಅತ್ತೆ ತೀರಿಕೊಂಡ ಮೇಲೆ ಅವಳನ್ನು ಒಂದೇ ಯೋಚನೆ ಕಾಡಿತ್ತು: ನಾಳೆ ತಾನು ಮಲಗಿದರೆ ಎತ್ತಬೇಕಾದವಳು ಮಗಳು ಅಶ್ಮಿತಾ.

ಹಾಗೆ ಅವಳು ಜಿಮ್ಮಿಗೆ ಸೇರಿದ್ದು. ಸೇರಿ ಎರಡು ತಿಂಗಳಾದರೂ ಶರತ್ಚಂದ್ರ ಅವಳನ್ನು ಟ್ರೆಡ್‌ಮಿಲ್ಲಿನಿಂದ ಕೆಳಗಿಳಿಸಿರಲಿಲ್ಲ. ಇಳಿಸಿದರೆ ಕೈಗೆ ಗುಲಾಬಿ ಬಣ್ಣದ ಎರಡು ಪುಟ್ಟ ಡಂಬೆಲ್ ಕೊಡುತ್ತಿದ್ದ. ಅವಳ ಕತ್ತರಿಯೇ ಅದಕ್ಕಿಂತ ಭಾರವಾಗಿತ್ತು. ಅವನಲ್ಲಿದ್ದದ್ದು ಎರಡೇ ದಾರಿ. ಹೆಂಗಸರಿಗೆ ಹೊಟ್ಟೆ ಕರಗಿಸುವುದು, ಮೋಕ್ಷಿತಾಳಂಥವರಿಗೆ ಗೋಡೆಯ ಚಾರ್ಟು.

"ನಾನು ಇವತ್ತು ಅದನ್ನೇ ಮಾಡುದು," ಎಂದಳು ದಮಯಂತಿ.

"ನಿಮಗೆ ಹೇಳಿದ್ರೆ ಅರ್ಥ ಆಗುದಿಲ್ಲವಾ ಅಕ್ಕ?" ಅವನಿಗೂ ರೇಗಿತು. "ಆಯ್ತು, ಮಾಡಿ. ಮೂರನೇ ಸೆಟ್ಟಿಗೆ ನೀವೇ ಬಿಟ್ಟು ಬರ್ತೀರಿ. ಆಗ ನನ್ನ ಹತ್ರ ಹೇಳ್ಬಾರದು."

ರಾಡಿಗೆ ಎರಡೂ ಕಡೆ ಸಣ್ಣ ಪ್ಲೇಟು ಹಾಕಿ ಅವನು ಫೋನು ಕಿವಿಗಿಟ್ಟುಕೊಂಡು ಹೊರಗೆ ಹೋದ.

ಮೊದಲ ಸೆಟ್ಟು ಅವಳಿಗೆ ಏನೂ ಅನ್ನಿಸಲಿಲ್ಲ. ಎರಡನೆಯದರಲ್ಲಿ ಮೈ ಬಿಸಿಯಾಯಿತು. ಮೂರನೆಯದರಲ್ಲಿ ತೊಡೆಗಳು ಉರಿಯತೊಡಗಿದವು, ಬಿಡಬಹುದಿತ್ತು. ಆದರೆ ಮೂರು ಎಂಬ ಆ ಮಾತು ಕಿವಿಯಲ್ಲಿತ್ತು. ನಾಲ್ಕನೆಯದಕ್ಕೆ ಹೆಗಲು ಕೊಟ್ಟಾಗ ಮೋಕ್ಷಿತಾ ತನ್ನ ಕೆಲಸ ಬಿಟ್ಟು ಬಂದು ಹಿಂದೆ ನಿಂತಳು. "ಬೆನ್ನು ನೆಟ್ಟಗೆ ಅಕ್ಕ... ಹಾಂ, ಹಾಗೆ," ಎನ್ನುತ್ತ ಮೊದಲು ತಮಾಷೆಗೆ ಎಣಿಸಿದಳು. ಆರನೇ ಸೆಟ್ಟು ದಾಟಿದ ಮೇಲೆ ಅವಳ ದನಿಯಿಂದ ತಮಾಷೆ ಹೋಯಿತು.

"ಸಾಕು ಅಕ್ಕ. ನಾನು ಹೇಳುದು, ಸಾಕು."

"ನೀನು ಎಣಿಸು."

"ನಿಮ್ಮ ಕಾಲು ನಡುಗ್ತಾ ಉಂಟು."

"ನಡುಗ್ಲಿ. ನೀನು ಎಣಿಸು ಹೆಣ್ಣೇ."

ಹತ್ತನೆಯ ಸೆಟ್ಟು ಮುಗಿಸಿ ಅವಳು ರಾಡನ್ನು ಸ್ಟ್ಯಾಂಡಿಗೆ ಸಿಕ್ಕಿಸಿದಾಗ ಹೆಂಗಸರು ಚಪ್ಪಾಳೆ ತಟ್ಟಿದರು. ಅಷ್ಟಕ್ಕೂ ನಿಲ್ಲಿಸದೆ ನೆಲದಿಂದ ಎತ್ತುವುದನ್ನೂ ಶುರುಮಾಡಿದಳು. ಅದನ್ನೂ ಮುಗಿಸಿದಳು. ಒಳಗೆ ಬಂದ ಶರತ್ಚಂದ್ರ ಬಾಗಿಲಲ್ಲೇ ನಿಂತ. ದಮಯಂತಿ ಟವೆಲ್ಲಿನಿಂದ ಮುಖ ಒರೆಸಿಕೊಂಡು, "ಮೂರನೇ ಸೆಟ್ಟು ಯಾವಾಗ ಹೋಯ್ತೋ ಗೊತ್ತೇ ಆಗ್ಲಿಲ್ಲ ಮಾರಾಯ," ಎಂದಳು. ಮದುವೆಯಾದ ಮೇಲೆ ಅಷ್ಟು ಖುಷಿ ಅವಳಿಗೆ ಯಾವತ್ತೂ ಆಗಿರಲಿಲ್ಲ. ಕೈಗಂಬಿ ಹಿಡಿದುಕೊಂಡು ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿದದ್ದನ್ನು ಯಾರೂ ನೋಡಲಿಲ್ಲ.

ಮರುದಿನ ಅವಳಿಗೆ ಮಂಚದಿಂದ ಕಾಲು ಕೆಳಗಿಡಲಾಗಲಿಲ್ಲ. ಆದರೂ ಅಂಗಡಿಗೆ ಹೋದಳು. ಮಿಷನ್ನಿನ ಪೆಡಲು ಒತ್ತಿದರೆ ತೊಡೆಯಿಂದ ಸೊಂಟದವರೆಗೆ ಯಾರೋ ಹರಿದಂತಾಗುತ್ತಿತ್ತು. ಮೈಕೈ ನೋವು ಇರುವುದೇ ಎಂದುಕೊಂಡಳು. ಅದರ ಮರುದಿನ ತೊಡೆಗಳು ಊದಿ ಬಿಗಿದುಕೊಂಡವು, ಮೊಣಕಾಲು ಮಡಚಲಿಲ್ಲ. ಬೆಳಿಗ್ಗೆ ಬಚ್ಚಲಿನಿಂದ ಹೊರಗೆ ಬಂದವಳು ಗೋಡೆ ಹಿಡಿದುಕೊಂಡೇ ಮಂಗಳೂರಿನಲ್ಲಿ ನರ್ಸಿಂಗ್ ಓದುತ್ತಿದ್ದ ಮಗಳಿಗೆ ಫೋನು ಮಾಡಿದಳು.

"ಮೂತ್ರ ಕೆಂಪು ಹೋಗ್ತಾ ಉಂಟು ಮಗಾ. ಬಿಸಿಲಿಗಾ?"

"ಕೆಂಪು ಅಂದ್ರೆ? ಯಾವ ಬಣ್ಣ ಅಮ್ಮ, ಸರಿ ಹೇಳು."

"ಪುನರ್ಪುಳಿ ಶರಬತ್ತಿನ ಹಾಗೆ. ಅದಕ್ಕಿಂತ ಕಪ್ಪು."

ಅಶ್ಮಿತಾ ಈಗ ಬೇರೆ ಯಾರದೋ ದನಿಯಲ್ಲಿ ಮಾತಾಡಿದಳು. "ಅಪ್ಪನಿಗೆ ಫೋನು ಕೊಡು. ಈಗ ಕೊಡು. ನೀನು ಎಂತ ಮಾಡಿದ್ದು ಅಂತ ಆಮೇಲೆ ಹೇಳು."

ಕಾಸರಗೋಡಿನ ಆಸ್ಪತ್ರೆಯಲ್ಲಿ ಎರಡೂ ಕೈಗೆ ಡ್ರಿಪ್ ಹಾಕಿದರು. ಡಾಕ್ಟರು ನಡುವಯಸ್ಸಿನವರು, ಅರ್ಧ ಮಲಯಾಳ ಅರ್ಧ ಕನ್ನಡದಲ್ಲಿ ಮಹಾಬಲನಿಗೆ ವಿವರಿಸಿದರು. ಅಭ್ಯಾಸವಿಲ್ಲದ ಮೈಯನ್ನು ಒಂದೇ ದಿನ ಅಷ್ಟು ದುಡಿಸಿದ್ದರಿಂದ ಸ್ನಾಯು ಒಡೆದುಹೋಗಿದೆ, ಒಡೆದದ್ದೆಲ್ಲ ರಕ್ತಕ್ಕೆ ಸೇರಿ ಮೂತ್ರಪಿಂಡಕ್ಕೆ ಹೋಗುತ್ತಿದೆ, ಇನ್ನೊಂದು ದಿನ ತಡವಾಗಿದ್ದರೆ ಡಯಾಲಿಸಿಸ್ಸೇ ಗತಿಯಾಗಿತ್ತು. ಮಹಾಬಲ ಕುಂಬಳೆ ಬಳಿಯ ಅನಂತಪುರದ ಕೈಗಾರಿಕಾ ಎಸ್ಟೇಟಿನ ಪ್ಲೈವುಡ್ ಘಟಕದಲ್ಲಿ ಸೂಪರ್‌ವೈಸರ್. ಅಲ್ಲಿ ಯಂತ್ರ ಕೆಟ್ಟಾಗ ನಿಲ್ಲುವ ಹಾಗೆಯೇ ಇಲ್ಲೂ ಕೈಗಳನ್ನು ಹಿಂದೆ ಕಟ್ಟಿಕೊಂಡು ನಿಂತಿದ್ದ.

ನೋಡಲು ಬಂದವರೆಲ್ಲರೂ ಹೇಳಿದ್ದು ಒಂದೇ. ಈ ವಯಸ್ಸಿಗೆ ಬೇಕಿತ್ತಾ? ನಾದಿನಿ ಬಂದು ಕಿತ್ತಳೆ ಸುಲಿಯುತ್ತ, "ನಮ್ಮಂಥವರಿಗೆ ಮನೆಕೆಲಸವೇ ಜಿಮ್ಮು," ಎಂದಳು. ದಮಯಂತಿ ಮುಖ ಗೋಡೆಯ ಕಡೆ ತಿರುಗಿಸಿದಳು.

ಹಾಗೆ ಮಲಗಿದ್ದಾಗ ಅವಳಿಗೆ ಅತ್ತೆಯ ಮೊದಲ ದಿನಗಳು ನೆನಪಾದವು. ಹಾಸಿಗೆ ಹಿಡಿದವರನ್ನು ನೋಡಿಕೊಳ್ಳಲು ಪಾಲಿಯೇಟಿವ್‌ನಿಂದ ಮನೆಗೆ ಬರುತ್ತಿದ್ದ ನರ್ಸು ಮೊದಲು ಕಲಿಸಿದ್ದು ತಲೆಯನ್ನಷ್ಟೇ ಎತ್ತಿ ದಿಂಬು ಇಡಲು. ಆಮೇಲೆ ಮಗ್ಗುಲು ಬದಲಿಸಲು. ಕೂರಿಸಲು ಬಂದದ್ದು ಎಷ್ಟೋ ವಾರದ ಮೇಲೆ, ಅದೂ ಇಬ್ಬರು ಸೇರಿ. ಒಬ್ಬಳೇ ಎತ್ತಿ ಕುರ್ಚಿಗೆ ಇಟ್ಟದ್ದು ಮಳೆಗಾಲವೊಂದು ಪೂರ್ತಿ ಕಳೆದ ಮೇಲೆ. ಜಿಮ್ಮಿನಲ್ಲಿ ನಾಲ್ಕು ವರ್ಷದ ಲೆಕ್ಕ ಹೇಳುವಾಗ ಅವಳು ಆ ಮಳೆಗಾಲವನ್ನು ಮರೆತಿದ್ದಳು.

ಬಿಡುಗಡೆಯ ದಿನ ಡಾಕ್ಟರು, "ಇನ್ನು ಆ ಕಡೆ ಹೋಗ್ಲೇಬೇಡಿ," ಎಂದರು.

"ಯಾವ ಕಡೆ ಡಾಕ್ಟ್ರೇ? ಜಿಮ್ಮಿನ ಕಡೆಯಾ, ಆ ಚಾರ್ಟಿನ ಕಡೆಯಾ?"

ಬಾಗಿ ಬರೆಯುತ್ತಿದ್ದ ಡಾಕ್ಟರು ತಲೆಯೆತ್ತಿದರು. ಅಂಥ ಪ್ರಶ್ನೆಯನ್ನು ಅವರು ನಿರೀಕ್ಷಿಸಿದಂತಿರಲಿಲ್ಲ. "ಚಾರ್ಟಿನ ಕಡೆ," ಎಂದರು ಸ್ವಲ್ಪ ಯೋಚಿಸಿ. "ಒಂದು ತಿಂಗಳು ಏನೂ ಬೇಡ. ರಕ್ತ ಇನ್ನೊಮ್ಮೆ ಪರೀಕ್ಷೆ ಮಾಡುವ. ಸರಿ ಇದ್ರೆ ಸ್ವಲ್ಪ ಸ್ವಲ್ಪ ಮಾಡ್ಬಹುದು. ನಿಮ್ಮ ಎಲುಬಿಗೆ ಅದು ಒಳ್ಳೆಯದೇ."

"ಕೇಳಿದಿರಲ್ಲ?" ಎಂದಳು ದಮಯಂತಿ ಗಂಡನಿಗೆ.

ಮಹಾಬಲ ಕೇಳಿರಲಿಲ್ಲ, ಅಥವಾ ಕೇಳದವನ ಹಾಗೆ ಚೀಲ ಎತ್ತಿಕೊಂಡ. ಆಟೋ ಕಾಸರಗೋಡು ಪೇಟೆ ದಾಟಿತು. ಆಮೇಲೆ ಅವನು ಒಮ್ಮೆಲೇ, "ಸಾಕಲ್ಲ ಇನ್ನು?" ಎಂದ. "ಅಮ್ಮನ ಹಾಗೆ ನೀನೂ ಮಲಗಿದ್ರೆ ಎತ್ತುದು ಯಾರು, ನಾನಾ?"

"ನೀವು ಎತ್ತುದಿಲ್ಲ," ಎಂದಳು ದಮಯಂತಿ. "ಅದು ಗೊತ್ತಿದ್ದೇ ನಾನು ಹೋದದ್ದು."

ಆಟೋದವನು ಕನ್ನಡಿಯಲ್ಲೊಮ್ಮೆ ನೋಡಿ ಕಣ್ಣು ತಿರುಗಿಸಿದ. ಮನೆ ತಲುಪುವವರೆಗೆ ಗಂಡಹೆಂಡತಿ ಎರಡು ಕಡೆಯ ರಸ್ತೆ ನೋಡುತ್ತ ಕೂತರು.

ತಿಂಗಳು ಕಳೆದು ರಕ್ತಪರೀಕ್ಷೆ ಸರಿಯಾಗಿ ಬಂದ ಮೇಲೆ ಅವಳು ಅಂಗಡಿ ಪೂರ್ತಿ ತೆರೆದಳು. ಬ್ಲೌಸಿಗೆ ಅಳತೆ ಕೊಡಲು ಬಂದವರು ಅಳತೆಗಿಂತ ಹೆಚ್ಚು ಅವಳ ಕಾಲನ್ನೇ ನೋಡುತ್ತಿದ್ದರು. ಶರತ್ಚಂದ್ರ ಅಂಗಡಿಯ ಮುಂದಿನಿಂದ ಹಾದು ಮೇಲೆ ಹೋಗುವಾಗೆಲ್ಲ ಫೋನಿನಲ್ಲಿ ಮಾತಾಡುತ್ತಿದ್ದ, ಅಥವಾ ಮಾತಾಡುವ ಹಾಗೆ ಮಾಡುತ್ತಿದ್ದ. ಅವನು ಜಿಮ್ಮಿನ ಬಾಗಿಲಿಗೆ ಹೊಸದೊಂದು ನೋಟೀಸು ಅಂಟಿಸಿದ್ದಾನೆಂದು ಅವಳಿಗೆ ಗಿರಾಕಿಯೊಬ್ಬಳಿಂದ ಗೊತ್ತಾಯಿತು. ಹೊಲಿಯುತ್ತಿದ್ದ ಬ್ಲೌಸಿನ ತೋಳನ್ನು ಹಾಗೆಯೇ ಬಿಟ್ಟು, ಮೆಟ್ಟಿಲಿಗೊಮ್ಮೆ ನಿಲ್ಲುತ್ತ, ಅವಳು ಮೇಲೆ ಹೋದಳು.

ಕನ್ನಡದಲ್ಲೂ ಮಲಯಾಳದಲ್ಲೂ ಬರೆದಿತ್ತು. ನಲವತ್ತು ದಾಟಿದ ಮಹಿಳೆಯರು ಭಾರ ಎತ್ತುವ ವಿಭಾಗಕ್ಕೆ ಬರುವಂತಿಲ್ಲ.

ಅವಳು ಅದನ್ನು ಎರಡು ಭಾಷೆಯಲ್ಲೂ ಓದಿದಳು. ಆಮೇಲೆ ಒಳಗೆ ಹೋದಳು. ಮೋಕ್ಷಿತಾ ಕಾಲಿಗೆ ಪಟ್ಟಿ ಸುತ್ತಿಕೊಳ್ಳುತ್ತ ಕೂತಿದ್ದಳು. ಮೂಲೆಯಲ್ಲಿ ಮೂವರು ಹೆಂಗಸರು ನಡೆಯುತ್ತಿದ್ದರು. ಶರತ್ಚಂದ್ರ ಮೇಜಿನ ಹಿಂದಿನಿಂದ ಎದ್ದು ನಿಂತ.

"ನಾನು ಆಸ್ಪತ್ರೆಗೆ ಬಿದ್ದದ್ದಕ್ಕೆ ಊರಿನ ಹೆಂಗಸರಿಗೆಲ್ಲ ಬಾಗಿಲು ಹಾಕಿದ್ದಾ ನೀನು?"

"ಹಾಗಲ್ಲ ಅಕ್ಕ. ನಾಳೆ ಇನ್ನೊಬ್ಬರಿಗೆ ಎಂತಾದ್ರೂ ಆದ್ರೆ? ನಿಮಗೇನಾದ್ರೂ ಆಗಿದ್ರೆ ನನ್ನ ಗತಿ ಎಂತ? ಮೂರು ದಿನ ನನಗೆ ನಿದ್ದೆ ಇಲ್ಲ, ಗೊತ್ತುಂಟಾ ನಿಮಗೆ?" ಅವನ ದನಿ ಒಡೆಯಿತು. "ನಾನು ಹೇಳಿದ್ದೆ ನಿಮಗಲ್ಲ ಅಂತ."

"ಹೇಳಿದ್ದಿ. ಅದು ಸರಿ. ಆ ಚಾರ್ಟು ನನ್ನದಲ್ಲ, ಒಪ್ಪಿದೆ. ನನಗೆ ಬುದ್ಧಿ ಬಂತು." ದಮಯಂತಿ ಗೋಡೆಯ ಕಡೆ ಕೈ ತೋರಿಸಿದಳು. "ಈಗ ನೀನು ಹೇಳು. ನನ್ನದು ಯಾವುದು? ಎಲ್ಲುಂಟು ಅದು?"

"ಟ್ರೆಡ್‌ಮಿಲ್..."

"ಅದು ನಡೆಯುದು. ನಡೀಲಿಕ್ಕೆ ಮುಳ್ಳೇರಿಯದಲ್ಲಿ ರಸ್ತೆ ಇಲ್ಲವಾ? ಶಾಲೆಗೆ ಹೊಸತಾಗಿ ಸೇರಿದ ಮಗುವನ್ನು ನೀನು ಹತ್ತನೇ ಕ್ಲಾಸಿಗೆ ಕೂರಿಸುದಿಲ್ಲ. ಹಾಗಂತ ಗೇಟಿನ ಹೊರಗೂ ನಿಲ್ಲಿಸುದಿಲ್ಲ. ನಿನ್ನ ಹತ್ರ ಒಂದನೇ ಕ್ಲಾಸು ಯಾಕಿಲ್ಲ?"

ಉತ್ತರ ಕೊಟ್ಟವಳು ಮೋಕ್ಷಿತಾ, ಪಟ್ಟಿ ಸುತ್ತುವುದನ್ನು ಬಿಟ್ಟು. "ಸ್ಪೋರ್ಟ್ಸ್ ಹಾಸ್ಟೆಲಿನಲ್ಲಿ ನನಗೆ ಮೊದಲು ಪೈಪ್ ಕೊಟ್ಟದ್ದು ಅಕ್ಕ. ನೀರಿನ ಪೈಪು ಉಂಟಲ್ಲ, ಪ್ಲಾಸ್ಟಿಕ್ಕಿನದ್ದು. ಅದನ್ನು ಹೆಗಲಿಗೆ ಇಟ್ಟು ಕೂರುದು ಏಳುದು. ತಿಂಗಳುಗಟ್ಟಲೆ. ನಾನು ಅತ್ತಿದ್ದೆ, ಮನೆಗೆ ಹೋಗ್ತೇನೆ ಅಂತ ಹಟ ಮಾಡಿದ್ದೆ. ಆಮೇಲೆ ಖಾಲಿ ರಾಡು. ಪ್ಲೇಟು ಹಾಕಿದ್ದು ಮರುವರ್ಷ."

"ಅದು ಹಾಸ್ಟೆಲು ಮಾರಾಯ್ತಿ," ಎಂದ ಶರತ್ಚಂದ್ರ ಬೇಸರದಿಂದ. "ಇಲ್ಲಿ ಬರುವ ಹುಡುಗರು ಮೊದಲ ದಿನವೇ ಫೋನಿನಲ್ಲಿ ಯಾರದೋ ವಿಡಿಯೋ ತೋರಿಸಿ, ಇದು ಬೇಕು ಅಂತಾರೆ. ಕೊಡದಿದ್ರೆ ಕುಂಬಳೆಯ ಜಿಮ್ಮಿಗೆ ಹೋಗ್ತಾರೆ. ಅದಕ್ಕೆ ಕೊಡ್ತೇನೆ. ಪೈಪು ಎತ್ತಿಸಿದ್ರೆ ನಾಳೆ ಯಾರು ಬರ್ತಾರೆ?"

"ನಾನು ಬರ್ತೇನೆ," ಎಂದಳು ದಮಯಂತಿ.

ಅವನು ಅವಳನ್ನೇ ನೋಡಿದ. ಅವಳು ಕದಲುವ ಲಕ್ಷಣ ಕಾಣಲಿಲ್ಲ. ನಡೆಯುತ್ತಿದ್ದ ಹೆಂಗಸರಲ್ಲೊಬ್ಬಳಾದ ಕುಂಬ್ಡಾಜೆಯ ಲೋಲಾಕ್ಷಿ ಯಂತ್ರ ನಿಲ್ಲಿಸಿ, "ಪೈಪಾದ್ರೆ ನನಗೂ ಕೊಡಿ," ಎಂದಳು. ಶರತ್ಚಂದ್ರ ತುಸು ಹೊತ್ತು ಮೇಜಿನ ಮೇಲೆ ಬೆರಳಾಡಿಸಿದ. ಆಮೇಲೆ ಹೊರಗೆ ಹೋಗಿ ತಾರಸಿಯ ನೀರಿನ ಟ್ಯಾಂಕಿಯ ಬಳಿ ಬಿದ್ದಿದ್ದ ಒಂದು ತುಂಡು ಪೈಪು ತಂದು ಒರೆಸಿ ಕೊಟ್ಟ. ಬರುವ ದಾರಿಯಲ್ಲಿ ನೋಟೀಸನ್ನು ಕಿತ್ತಿದ್ದನೋ ಇಲ್ಲವೋ ಎಂದು ದಮಯಂತಿ ತಿರುಗಿ ನೋಡಲಿಲ್ಲ.

ಆ ದಿನ ಅವಳು ಐದು ಸಲ ಕೂತೆದ್ದಳು. ಐದಕ್ಕೆ ಮೋಕ್ಷಿತಾ ಪೈಪು ತೆಗೆದುಕೊಂಡಳು. ಇನ್ನೂ ಐವತ್ತು ಮಾಡಬಲ್ಲೆ ಎಂದು ದಮಯಂತಿಯ ಮೈಯೆಲ್ಲ ಕೂಗುತ್ತಿತ್ತು. ಗೋಡೆಯ ಮೇಲೆ ಆ ಚಾರ್ಟು ಹಾಗೆಯೇ ಇತ್ತು, ಕನ್ನಡಿಯಲ್ಲಿ ಅವಳಿಗೆ ಅದು ತಿರುಗುಮುರುಗಾಗಿ ಕಾಣುತ್ತಿತ್ತು. ಕೈಗಳನ್ನು ಸೀರೆಯ ಸೆರಗಿಗೆ ಒರೆಸಿಕೊಂಡು ಅವಳು ಕೆಳಗಿಳಿದು ಅರ್ಧಕ್ಕೆ ಬಿಟ್ಟಿದ್ದ ತೋಳನ್ನು ಹೊಲಿಯಲು ಕೂತಳು. ಪೈಪು ಎತ್ತುವ ಟೈಲರಕ್ಕ ಎಂದು ಹುಡುಗರು ಕೆಲವು ದಿನ ತಮಾಷೆ ಮಾಡಿದರು. ಅವರಲ್ಲೊಬ್ಬ ಭುಜ ಉಳುಕಿಸಿಕೊಂಡು ಬಂದು ಅವಳ ಮುಂದೆಯೇ ಕೂತು ನರಳಿದ. ಅವಳು ತನ್ನ ಪಾಡಿಗೆ ಪೈಪು ಹೆಗಲಿಗಿಟ್ಟು ಕೂತೆದ್ದಳು. ಪೈಪಿನಿಂದ ಖಾಲಿ ರಾಡಿಗೆ ಬರುವಷ್ಟರಲ್ಲಿ ಓಣಂ ರಜೆ ಕಳೆದು ಶಾಲೆಗಳು ಮತ್ತೆ ತೆರೆದಿದ್ದವು.

ಮಹಾಬಲ ಇದರ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಅವಳು ಬೆಳಿಗ್ಗೆ ಬೇಗ ಹೊರಡುವುದನ್ನು ನೋಡುತ್ತಿದ್ದ, ಚಾ ತಾನೇ ಬಿಸಿ ಮಾಡಿಕೊಳ್ಳುತ್ತಿದ್ದ, ಅಷ್ಟೆ.

ಒಂದು ಭಾನುವಾರ ಗ್ಯಾಸಿನವನು ಸಿಲಿಂಡರನ್ನು ರಸ್ತೆಯ ಬದಿಯಲ್ಲೇ ಇಳಿಸಿ ಹೋದ. ಅವರ ಮನೆ ಗುಡ್ಡದ ಓರೆಯಲ್ಲಿ, ರಸ್ತೆಯಿಂದ ಕಲ್ಲಿನ ಮೆಟ್ಟಿಲು ಹತ್ತಿ ಹೋಗಬೇಕು. ಪಕ್ಕದ ಮನೆಯ ಗಣೇಶಪ್ರಸಾದ ಬೇಲಿಯ ಆಚೆ ಸ್ಕೂಟರು ತೊಳೆಯುತ್ತಿದ್ದ. ಅವನಿಗೆ ಕೇಳಿಸುವಂತೆಯೇ ಮಹಾಬಲ, "ಎತ್ತು ನೋಡುವ," ಎಂದ. "ಜಿಮ್ಮಿಗೆ ಹೋಗುದಲ್ಲವಾ ನೀನು?"

ಗಣೇಶಪ್ರಸಾದ ನೀರಿನ ಪಾತ್ರೆ ಹಿಡಿದುಕೊಂಡೇ ತಲೆಯೆತ್ತಿದ.

ದಮಯಂತಿ ಸಿಲಿಂಡರನ್ನು ನೋಡಿದಳು. ಎತ್ತಲು ಆಗಲಿಕ್ಕಿಲ್ಲ ಎಂದೇನೂ ಅನ್ನಿಸಲಿಲ್ಲ. ಒಂದು ನಾಲ್ಕು ಮೆಟ್ಟಿಲು ಹತ್ತಿಸಲೂಬಹುದು. ಅವಳ ಕೈಬೆರಳುಗಳು ತಾವಾಗಿಯೇ ಬಿಗಿದವು.

"ಎತ್ತುದಿಲ್ಲ," ಎಂದಳು.

"ಆಗುದಿಲ್ಲವಾ?"

"ಇದರ ಅರ್ಧದಷ್ಟು ಎತ್ತುತ್ತೇನೆ ಈಗ. ಇದು ಇನ್ನು ಯಾವಾಗಲೋ." ಗಣೇಶಪ್ರಸಾದನಿಗೂ ಕೇಳಲಿ ಎಂದು ಅವಳು ದನಿ ತಗ್ಗಿಸಲಿಲ್ಲ. "ಬನ್ನಿ, ಆ ಕಡೆ ಹಿಡೀರಿ."

ಮಹಾಬಲ ಅಲ್ಲೇ ನಿಂತ. ಅವಳು ಸಿಲಿಂಡರಿನ ಒಂದು ಕಡೆಯ ಹಿಡಿಗೆ ಕೈಕೊಟ್ಟು ಕಾದಳು. ಬೇಲಿಯ ಆಚೆ ನೀರು ಸುರಿಯುವ ಸದ್ದು ಮತ್ತೆ ಶುರುವಾಯಿತು. ಕಡೆಗೆ ಅವನು ಲುಂಗಿ ಎತ್ತಿ ಕಟ್ಟಿ ಬಂದು ಸೊಂಟ ಬಗ್ಗಿಸಿದ.

"ಹಾಗಲ್ಲ. ಬೆನ್ನು ನೆಟ್ಟಗೆ ಇರ್ಲಿ. ಮೊಣಕಾಲು ಬಗ್ಗಿಸಿ. ಇನ್ನೂ ಸ್ವಲ್ಪ."

ಅವನು ಮೊಣಕಾಲು ಬಗ್ಗಿಸಿದ. ಕೀಲುಗಳು ಲಟಕ್ಕೆಂದವು. ಇಬ್ಬರೂ ಒಟ್ಟಿಗೆ ಎದ್ದರು. ಸಿಲಿಂಡರು ಇಬ್ಬರ ನಡುವೆ ತೂಗಾಡುತ್ತ ಮೆಟ್ಟಿಲು ಹತ್ತತೊಡಗಿತು. ನಡುವಿನ ಅಗಲ ಮೆಟ್ಟಿಲಿಗೆ ಬಂದಾಗ ಅವನು, "ಇಳಿಸು, ಇಳಿಸು," ಎಂದ. ಇಳಿಸಿದರು. ಅವನು ಅಲ್ಲೇ ಕಲ್ಲಿನ ಮೇಲೆ ಕೂತು ಉಸಿರು ಬಿಡುತ್ತ ಅಂಗೈ ನೋಡಿಕೊಂಡ, ಹಿಡಿಯ ಗೆರೆ ಕೆಂಪಗೆ ಮೂಡಿತ್ತು.

"ಏಳುವಾ?" ಎಂದಳು ದಮಯಂತಿ.

"ಸ್ವಲ್ಪ ನಿಲ್ಲು."

ಅವಳು ಸಿಲಿಂಡರಿನ ಮೇಲೆ ಒಂದು ಕೈಯಿಟ್ಟು, ಮೇಲಿನ ಮೆಟ್ಟಿಲುಗಳತ್ತ ನೋಡುತ್ತ ನಿಂತಳು.